ಬೀದರ್ ಕೋಟೆಯ ಬೀಗದ ಕೈ ಯಾರ ಹತ್ತಿರ ಇದೆ?

ಈ ಸಂಚಿಕೆ ಬೀದರ್ ಕೋಟೆ ಬಗ್ಗೆ. ಗೊತ್ತು, ರೀಲ್ಸ್‌ನಲ್ಲಿ ನೂರು ಸಲ ನೋಡಿದ್ದೀರಿ. ಕೆಂಪು ಗೋಡೆ, ಡ್ರೋನ್ ಶಾಟ್, ಹಿಂದೆ ಒಂದು ಕವ್ವಾಲಿ. ಆದರೆ ಇವತ್ತು ಸುಲ್ತಾನರ ಮಾತು ಕಡಿಮೆ. ಕಸಬರಿಗೆ, ಸುಣ್ಣ, ನೀರು, ಬೀಗದ ಕೈ, ಇವುಗಳ ಮಾತು ಜಾಸ್ತಿ.

ನಾನು ಬಗದಲ್‌ನಾಕಿ. ನಮ್ಮೂರ ಮಕ್ಕಳಿಗೆ ಶಾಲೆ ಟ್ರಿಪ್ ಅಂದ್ರ ಬೀದರ್ ಕೋಟೆನೇ. ಆರನೇ ಕ್ಲಾಸಿನಲ್ಲಿ ಹೋದಾಗ ರಂಗೀನ್ ಮಹಲ್‌ಗೆ ಬೀಗ ಹಾಕಿತ್ತು. ಬಾಗಿಲ ಸಂದಿಯಿಂದ ಒಬ್ಬೊಬ್ಬರೇ ಇಣುಕಿ, ಕತ್ತಲೆ ನೋಡಿ, ಚುರುಮುರಿ ತಿಂದು ವಾಪಸ್ ಬಂದ್ವಿ. ಮೊನ್ನೆ ರೆಕಾರ್ಡರ್ ಹಿಡಕೊಂಡು ಮತ್ತೆ ಹೋದೆ. ಈ ಸಲ ಒಬ್ಬ ಕಾಕಾ ಕೈಯಲ್ಲಿ ಬೀಗದ ಕೈ ಗೊಂಚಲು ಹಿಡಕೊಂಡು ಬಂದು ಬಾಗಿಲು ತೆಗೆದರು. ಅವರ ಹೆಸರು ಹೇಳಲ್ಲ, ಅವರೇ ಬ್ಯಾಡ ಅಂದ್ರು.

ಒಳಗೆ ಹೋದರೆ ಕೆತ್ತನೆಯ ಮರದ ಕಂಬಗಳು, ಬಣ್ಣದ ಹೆಂಚಿನ ಚಿತ್ತಾರ, ಕರಿ ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಹೊಳಪು. ಬರೀದ್ ಶಾಹಿಗಳ ಕಾಲದ ಕೆಲಸ, ಅಲಿ ಬರೀದ್ ಶಾಹ ಮಾಡಿಸಿದ್ದು, ಅಂದರೆ 1500ರ ದಶಕಗಳದ್ದು. ನಾನು ಬಾಯಿ ತೆಗೆದು ಗೋಡೆ ನೋಡ್ತಾ ನಿಂತೆ. ಕಾಕಾ ಗೋಡೆ ಕಡೆ ನೋಡಲೇ ಇಲ್ಲ. ಮೊದಲು ಛಾವಣಿ ನೋಡಿದರು, ಆಮೇಲೆ ನೆಲ. "ಮ್ಯಾಲೆ ತೇವ ಐತೇನು, ಕೆಳಗ ಬಾವಲಿ ಹಿಕ್ಕೆ ಬಿದ್ದೈತೇನು, ಅದು ಮೊದಲ ನೋಡಬೇಕು ಬೇಟಾ. ಚಿತ್ತಾರ ಎಲ್ಲಿ ಹೋಗ್ತೈತಿ?" ಅಂದ್ರು.

ಈ ಎಪಿಸೋಡ್ ಹುಟ್ಟಿದ್ದು ಆ ಮಾತಿನಿಂದ. ಯಾಕಂದರೆ ಚಿತ್ತಾರ ಖರೇನೇ ಹೋಗ್ತದೆ. ಕೋಟೆಯ ಬಹಳಷ್ಟು ಗೋಡೆಗಳ ಮೇಲಿಂದ ಹೋಗೇಬಿಟ್ಟಿದೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಬಹಮನಿ ಸುಲ್ತಾನ ಅಹ್ಮದ್ ಶಾಹ ವಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದ. ಕೋಟೆಯ ದೊಡ್ಡ ಕಟ್ಟಡ ಕೆಲಸ ನಡೆದದ್ದು 1430ರ ಆಸುಪಾಸಿನಲ್ಲಿ. ಕೋಟೆ ಅಂದ ಕೂಡಲೇ ನಮಗೆ ಯುದ್ಧ ನೆನಪಾಗ್ತದೆ, ಆದರೆ ದಿನನಿತ್ಯದ ಲೆಕ್ಕದಲ್ಲಿ ಅದು ಒಂದು ಸರಕಾರಿ ಆವರಣ. ಅಹವಾಲು ಕೇಳೋಕೆ ದಿವಾನ್-ಎ-ಆಮ್, ಸಿಂಹಾಸನಕ್ಕೆ ತಖ್ತ್ ಮಹಲ್, ಅದರ ಜೊತೆಗೆ ಅಡುಗೆಮನೆ, ಹಮಾಮ್, ಮಸೀದಿ, ತೋಟ, ಮದ್ದಿನಮನೆ. ನಿಮ್ಮ ತಾಲೂಕಿನ ಮಿನಿ ವಿಧಾನಸೌಧಕ್ಕೆ ಅರಮನೆ, ಬಂದೀಖಾನೆ ಎಲ್ಲಾ ಸೇರಿಸಿ ಬೆಟ್ಟದ ಅಂಚಿನಲ್ಲಿ ಇಟ್ಟರೆ ಹೆಂಗಿರ್ತದೋ ಹಂಗೆ.

ಇಷ್ಟು ದೊಡ್ಡ ಆವರಣಕ್ಕೆ ದಿನಾ ಬೇಕಾಗುವುದು ನೀರು. ಬೀದರ್ ಇರುವುದು ಜಂಬಿಟ್ಟಿಗೆ ಕಲ್ಲಿನ ದಿಬ್ಬದ ಮೇಲೆ. ಆ ಕಲ್ಲು ತೂತು ತೂತು, ಮಳೆ ನೀರನ್ನು ಸೋಸಿ ಕೆಳಗೆ ಬಿಡ್ತದೆ. ಕೆಳಗೆ ಗಟ್ಟಿ ಕರಿಕಲ್ಲು ಸಿಕ್ಕಾಗ ನೀರು ಅಲ್ಲೇ ನಿಂತು ಪಕ್ಕಕ್ಕೆ ಹರಿತದೆ. ಇದನ್ನು ಅರಿತವರು ನೆಲದೊಳಗೆ ಸುರಂಗ ಕೊರೆದರು, ಗಾಳಿ-ಬೆಳಕಿಗೆ ಮತ್ತು ಹೂಳು ಎತ್ತೋಕೆ ಮೇಲಿಂದ ಸಾಲಾಗಿ ಬಾವಿ ತೋಡಿದರು. ಇದೇ ಕರೇಜ್, ನಾವು ಸುರಂಗ ಬಾವಿ ಅಂತೀವಿ. ಪರ್ಷಿಯಾದಿಂದ ಬಂದ ವಿದ್ಯೆ. ನೌಬಾದ್‌ನ ಸುರಂಗ ಎರಡು ಕಿಲೋಮೀಟರಿಗೂ ಉದ್ದ ಇದೆ. ಕೊರೆದವನು ಒಮ್ಮೆ ಕೊರೆದ, ಸರಿ. ಆದರೆ ಹೂಳು? ಅದು ವರ್ಷಾ ವರ್ಷಾ ಬರ್ತದೆ. ಯಾರೋ ಹಗ್ಗ ಹಿಡಿದು ಕತ್ತಲೆಗೆ ಇಳೀಲೇಬೇಕು. ಬುಟ್ಟಿ ಹಿಡಿದು ಇಳಿದವರ ಹೆಸರು ಯಾವ ಶಾಸನದಲ್ಲೂ ನನಗೆ ಸಿಕ್ಕಿಲ್ಲ.

ಕೋಟೆ ಕಾಯ್ದ ಒಬ್ಬನ ಹೆಸರು ಮಾತ್ರ ಉಳಿದಿದೆ. ಸಿದ್ದಿ ಮರ್ಜಾನ್. ಆಫ್ರಿಕಾ ಮೂಲದವ. 1619ರಲ್ಲಿ ಬೀದರ್ ಬಿಜಾಪುರದ ಆದಿಲ್ ಶಾಹಿಗಳ ಪಾಲಾದ ಮೇಲೆ ದಶಕಗಳ ಕಾಲ ಈ ಕೋಟೆಯ ಉಸ್ತುವಾರಿ ಅವನ ಕೈಯಲ್ಲಿತ್ತು. 1657ರಲ್ಲಿ ಔರಂಗಜೇಬನ ಸೈನ್ಯ ಮುತ್ತಿಗೆ ಹಾಕಿತು. ಮೊಘಲರ ಕಡೆಯಿಂದ ಹಾರಿದ ಅಗ್ನಿಬಾಣ ಮದ್ದಿನ ರಾಶಿಗೆ ಬಿತ್ತು, ಮುದುಕ ಮರ್ಜಾನ್ ಸುಟ್ಟ ಗಾಯಗಳಿಂದ ಸತ್ತ. ಪಠ್ಯಪುಸ್ತಕ ಒಂದು ಸಾಲಿನಲ್ಲಿ 'ಔರಂಗಜೇಬ ಬೀದರ್ ಗೆದ್ದ' ಅಂತದೆ. ಅಷ್ಟು ವರ್ಷ ಗೋಡೆ ನೋಡಿಕೊಂಡವನಿಗೆ ಅರ್ಧ ಸಾಲೂ ಇಲ್ಲ. ನನಗೆ ಇದು ಸಿಟ್ಟು ತರಿಸ್ತದೆ, ಹೇಳಿಬಿಡ್ತೀನಿ.

ಆಮೇಲೆ ಬೀದರ್ ರಾಜಧಾನಿ ಆಗಿ ಉಳಿಯಲಿಲ್ಲ. ಅರಮನೆಗಳ ಛಾವಣಿ ಕುಸಿದು, ಮಣ್ಣು ತುಂಬಿ, ಮುಳ್ಳುಗಿಡ ಬೆಳೆದವು. ಹೈದರಾಬಾದ್ ನಿಜಾಮರ ಸರಕಾರ 1914ರಲ್ಲಿ ಪುರಾತತ್ವ ಇಲಾಖೆ ತೆರೆದು ಗುಲಾಮ್ ಯಜ್ದಾನಿ ಅವರನ್ನು ಮುಖ್ಯಸ್ಥರನ್ನಾಗಿ ಮಾಡಿತು. ಮಣ್ಣು ತೆಗೆಸಿ, ಗೋಡೆಗಳಿಗೆ ಆಸರೆ ಕೊಡಿಸಿ, ಅಳತೆ ಮಾಡಿಸಿ ಅವರು ಬೀದರ್ ಬಗ್ಗೆ ದೊಡ್ಡ ಪುಸ್ತಕ ಬರೆದರು, 1947ರಲ್ಲಿ ಬಂತು. ತಖ್ತ್ ಮಹಲ್‌ನ ಕಮಾನಿನ ಮೂಲೆಯ ಹುಲಿ ಮತ್ತು ಸೂರ್ಯನ ಹೆಂಚಿನ ಚಿತ್ರ ಇವತ್ತು ನಾವು ಜೂಮ್ ಮಾಡಿ ಫೋಟೋ ತೆಗೀತೀವಲ್ಲ, ಅದರ ಹಿಂದೆ ಆ ಕಾಲದ ಕೂಲಿಗಳ ಬುಟ್ಟಿ-ಗುದ್ದಲಿ ಇದೆ.

ಈಗ ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅಡಿಯಲ್ಲಿದೆ. ದಿನದ ಕೆಲಸ ಏನು ಅಂತ ಕಾಕಾನ ಕೇಳಿದೆ. ಮಳೆಗಾಲ ಮುಗಿದ ಮೇಲೆ ಹುಲ್ಲು. ಸೊಂಟದ ಮಟ ಬೆಳೀತದೆ, ಹೆಣ್ಮಕ್ಕಳು ಕುಡುಗೋಲು ಹಿಡಿದು ಸಾಲಾಗಿ ಕೂತು ಕೊಯ್ತಾರೆ. ಅದಕ್ಕಿಂತ ತ್ರಾಸು ಅರಳಿ ಗಿಡದ್ದು. ಹಕ್ಕಿ ಬೀಜ ಹಾಕ್ತದೆ, ಗಾರೆಯ ಬಿರುಕಿನಲ್ಲಿ ಮೊಳಕೆ ಬರ್ತದೆ. ಬೆರಳುದ್ದ ಇದ್ದಾಗ ಕಿತ್ತರೆ ಎರಡು ನಿಮಿಷದ ಕೆಲಸ. ಬಿಟ್ಟರೆ ಬೇರು ಗೋಡೆಯೊಳಗೆ ಇಳೀತದೆ. ಮೇಲಿಂದ ಕತ್ತರಿಸಿದರೆ ಮತ್ತೆ ಚಿಗುರ್ತದೆ, ಎಳೆದರೆ ಕಲ್ಲೂ ಜೊತೆಗೆ ಬರ್ತದೆ.

ಇನ್ನೊಂದು ಸುಣ್ಣ. ಹಳೆ ಗೋಡೆ ಕಟ್ಟಿದ್ದು ಸುಣ್ಣದ ಗಾರೆಯಲ್ಲಿ. ಸುಟ್ಟ ಸುಣ್ಣವನ್ನು ನೀರಲ್ಲಿ ಅರಳಿಸಿ, ದಿನಗಟ್ಟಲೆ ನೆನೆಸಿ, ಮರಳು ಹಾಕಿ ಅರೀಬೇಕು. ಕೈ ನೋಯ್ತದೆ, ಹೊತ್ತು ಹಿಡೀತದೆ. "ಸಿಮೆಂಟ್ ಯಾಕೆ ಹಚ್ಚಬಾರದು?" ಅಂತ ನಾನೂ ಕೇಳಿದೆ. ಸುಣ್ಣದ ಗೋಡೆ ತೇವವನ್ನು ಹೊರಗೆ ಬಿಡ್ತದೆ. ಸಿಮೆಂಟ್ ಬಿಡಲ್ಲ. ಒಳಗೆ ಸಿಕ್ಕ ನೀರು ಉಪ್ಪನ್ನು ಹೊತ್ತು ಕಲ್ಲಿನ ಕಡೆ ಹೋಗ್ತದೆ, ಮೆತ್ತನೆ ಕಲ್ಲು ಪುಡಿಪುಡಿಯಾಗಿ ಉದುರ್ತದೆ. ಸಿಮೆಂಟ್ ಮಾತ್ರ ಗಟ್ಟಿಯಾಗಿ ನಿಂತಿರ್ತದೆ, ಒಳಗಿನ ಗೋಡೆ ಹೋಗಿರ್ತದೆ.

(ಹಿಂದೆ ಕೇಳ್ತಿರೋ ಗುಡುಗು ಮಳೆದಲ್ಲ. ಬೀದರ್ ವಾಯುಪಡೆ ನೆಲೆಯ ವಿಮಾನ. ಇಲ್ಲಿಯವರಿಗೆ ಅಭ್ಯಾಸ ಆಗಿದೆ.)

2016 ನೆನಪಿದೆಯಾ? ಪಕ್ಕದ ಲಾತೂರಿಗೆ ರೈಲಿನಲ್ಲಿ ನೀರು ತಂದ ಬೇಸಿಗೆ. ನಮ್ಮ ಜಿಲ್ಲೆಯಲ್ಲೂ ಕೊಡಗಳ ಸಾಲು. ಆ ಬರದ ಹೊತ್ತಿನಲ್ಲಿ ಜಿಲ್ಲಾಧಿಕಾರಿ ಅನುರಾಗ್ ತಿವಾರಿ ಅವರ ಕಾಲದಲ್ಲಿ ಹಳೆ ಬಾವಿ, ಕೆರೆಗಳ ಹೂಳು ತೆಗೆಸುವ ಕೆಲಸ ಜೋರಾಯಿತು, ಸುರಂಗ ಬಾವಿಗಳ ಕಡೆಗೂ ಜನರ ಕಣ್ಣು ಹೋಯಿತು. ಸುಲ್ತಾನರ ಕಾಲದ ನೀರು ನಮ್ಮ ಕಾಲಡಿಯಲ್ಲೇ ಇತ್ತು. ನಾವು ಅದರ ಮೇಲೆ ಮನೆ, ರಸ್ತೆ ಕಟ್ಟಿ, ಗಾಳಿಬಾವಿಗಳಲ್ಲಿ ಕಸ ಹಾಕಿದ್ವಿ.

ಹೊರಡುವಾಗ ಕಾಕಾನ ಕೇಳಿದೆ, ಇಷ್ಟು ವರ್ಷದಲ್ಲಿ ಯಾರಾದರೂ ನಿಮ್ಮ ಫೋಟೋ ತೆಗೆದಿದ್ದಾರಾ? ನಕ್ಕರು. "ತೆಗೀತಾರ. 'ಕಾಕಾ, ಸ್ವಲ್ಪ ಸರೀರಿ, ಗ್ವಾಡಿ ಕಾಣವಲ್ದು' ಅಂತಾರ." ಬೀಗ ಹಾಕಿ, ಎರಡು ಸಲ ಎಳೆದು ನೋಡಿ, ಅರಳಿ ಮೊಳಕೆ ಒಂದು ಕಂಡಿತೇನೋ, ಗೋಡೆ ಕಡೆ ಬಗ್ಗಿದರು.