ಆ್ಯಂಟಿ-ಟ್ಯಾಕ್ ಪ್ರತಿಕಾಯ

ಇಂಟರ್‌ಲ್ಯೂಕಿನ್-2 ಎಂಬ ಸೈಟೋಕೈನಿಗೆ ಮಾನವ ಕೋಶಗಳಲ್ಲಿರುವ ಗ್ರಾಹಕವನ್ನು ಪತ್ತೆಹಚ್ಚಲು ಪ್ರಯೋಗಾಲಯಗಳಲ್ಲಿ ಬಳಸುವ, ಇಲಿಯ ಕೋಶಗಳಿಂದ ಪಡೆದ ಮಾನೋಕ್ಲೋನಲ್ ಪ್ರತಿಕಾಯ. ರೋಗನಿರೋಧಕ ವ್ಯವಸ್ಥೆಯ ಕೋಶಗಳು ಒಂದಕ್ಕೊಂದು ಸಂದೇಶ ಮುಟ್ಟಿಸಲು ಸ್ರವಿಸುವ ಸಣ್ಣ ಪ್ರೋಟೀನುಗಳನ್ನು ಸೈಟೋಕೈನ್‌ಗಳೆಂದೂ, ಕೋಶದ ಹೊರಪೊರೆಯಲ್ಲಿದ್ದು ಅವನ್ನು ಹಿಡಿದುಕೊಳ್ಳುವ ಪ್ರೋಟೀನುಗಳನ್ನು ಗ್ರಾಹಕಗಳೆಂದೂ ಕರೆಯುತ್ತಾರೆ.

ಗ್ರಾಹಕದ ಸ್ವರೂಪ: ಈ ಗ್ರಾಹಕದಲ್ಲಿ ಆಲ್ಫಾ, ಬೀಟಾ, ಗ್ಯಾಮಾ ಎಂಬ ಮೂರು ಸರಪಳಿಗಳಿವೆ. ಸಿಡಿ25 ಎಂದೂ ಹೆಸರಿರುವ ಆಲ್ಫಾ ಸರಪಳಿಯ ಅಣುತೂಕ ಸುಮಾರು 55 ಕಿಲೋಡಾಲ್ಟನ್. ಅದೊಂದೇ ಇದ್ದಾಗ ಇಂಟರ್‌ಲ್ಯೂಕಿನ್-2ರೊಡನೆ ಅದರ ಬಂಧ ದುರ್ಬಲ, ಮೂರೂ ಸರಪಳಿಗಳು ಕೂಡಿದಾಗ ಬಂಧ ಅತ್ಯಂತ ಬಿಗಿ. ವಿಶ್ರಾಂತ ಸ್ಥಿತಿಯ ಬಹುಪಾಲು ಟಿ ಕೋಶಗಳಲ್ಲಿ ಸಿಡಿ25 ತೀರ ವಿರಳವಾಗಿದ್ದು, ಸೋಂಕಿನಿಂದಲೋ ಬೇರೆ ಕಾರಣದಿಂದಲೋ ಅವು ಪ್ರಚೋದನೆಗೊಂಡಾಗ ಹೇರಳವಾಗಿ ಕಾಣಿಸಿಕೊಳ್ಳುತ್ತದೆ. ದೇಹ ತನ್ನ ಮೇಲೆಯೇ ದಾಳಿ ಮಾಡದಂತೆ ತಡೆಯುವ ನಿಯಂತ್ರಕ ಟಿ ಕೋಶಗಳಲ್ಲಿ ಮಾತ್ರ ಅದು ಸದಾ ಅಧಿಕ ಪ್ರಮಾಣದಲ್ಲಿರುತ್ತದೆ ಎಂಬುದನ್ನು ಶಿಮೊನ್ ಸಕಾಗುಚಿ ಮತ್ತು ಸಂಗಡಿಗರು 1995ರಲ್ಲಿ ಇಲಿಗಳಲ್ಲಿ ತೋರಿಸಿಕೊಟ್ಟರು.

ಇತಿಹಾಸ: ಒಂದೇ ಬಗೆಯ ಪ್ರತಿಕಾಯವನ್ನು ನಿರಂತರವಾಗಿ ಸ್ರವಿಸುವ ಹೈಬ್ರಿಡೋಮ ಕೋಶಗಳನ್ನು ಜಾರ್ಜಸ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೀನ್ 1975ರಲ್ಲಿ ಕೇಂಬ್ರಿಜ್‌ನಲ್ಲಿ ರೂಪಿಸಿದ್ದರು. ಪ್ರತಿಕಾಯ ಉತ್ಪಾದಿಸುವ ಬಿ ಕೋಶವನ್ನು ಅಳಿವಿಲ್ಲದೆ ವಿಭಜನೆಗೊಳ್ಳುವ ಕ್ಯಾನ್ಸರ್ ಕೋಶದೊಡನೆ ಬೆಸೆಯುವ ಈ ವಿಧಾನವನ್ನೇ ಅನುಸರಿಸಿ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ತಕಾಶಿ ಉಚಿಯಾಮ, ಸ್ಯಾಮ್ಯುಯೆಲ್ ಬ್ರೋಡರ್ ಮತ್ತು ಥಾಮಸ್ ವಾಲ್ಡ್‌ಮನ್ 1981ರಲ್ಲಿ ಆ್ಯಂಟಿ-ಟ್ಯಾಕ್ ಪ್ರತಿಕಾಯವನ್ನು ಪ್ರಕಟಿಸಿದರು. ಅದು ಪ್ರಚೋದಿತ ಟಿ ಕೋಶಗಳಿಗೆ ಅಂಟಿಕೊಳ್ಳುವುದು ಮೊದಲು ತಿಳಿಯಿತು. ಅಂಟಿಕೊಳ್ಳುವುದು ಇಂಟರ್‌ಲ್ಯೂಕಿನ್-2ರ ಗ್ರಾಹಕಕ್ಕೇ ಎಂಬುದು 1982ರಲ್ಲಿ ಗೊತ್ತಾಯಿತು. ಹೀಗೆ ಪ್ರತಿಕಾಯ ಮೊದಲು ಸಿದ್ಧವಾಗಿ, ಅದರ ನೆರವಿನಿಂದ ಗ್ರಾಹಕದ ಗುರುತು ಸಿಕ್ಕಿತು.

ಬಳಕೆ: ಪ್ರತಿಕಾಯಕ್ಕೆ ಪ್ರತಿದೀಪಕ ಬಣ್ಣ ಜೋಡಿಸಿ ರಕ್ತದ ಮಾದರಿಯೊಡನೆ ಬೆರೆಸಿದರೆ ಸಿಡಿ25 ಇರುವ ಕೋಶಗಳಿಗೆ ಬಣ್ಣ ಹತ್ತುತ್ತದೆ. ಫ್ಲೋ ಸೈಟೋಮೀಟರ್ ಯಂತ್ರದಲ್ಲಿ ಕೋಶಗಳು ಒಂದೊಂದಾಗಿ ಲೇಸರ್ ಕಿರಣವನ್ನು ಹಾಯುವಾಗ ಪ್ರತಿ ಕೋಶವೂ ಸೂಸುವ ಬೆಳಕನ್ನು ಅಳೆಯಲಾಗುತ್ತದೆ. ಹೇರಿ ಸೆಲ್ ಲ್ಯುಕೇಮಿಯ, ವಯಸ್ಕರ ಟಿ ಕೋಶ ಲ್ಯುಕೇಮಿಯ ಮುಂತಾದ ರಕ್ತದ ಕ್ಯಾನ್ಸರ್‌ಗಳ ನಿರ್ಣಯಕ್ಕೆ ಸಿಡಿ25 ಪ್ರತಿಕಾಯಗಳನ್ನು ಇತರ ಪ್ರತಿಕಾಯಗಳ ಜೊತೆಯಲ್ಲಿ ಬಳಸುತ್ತಾರೆ.

ಪ್ರಚೋದಿತ ಕೋಶಗಳಿಂದ ಗ್ರಾಹಕದ ಒಂದು ಭಾಗ ಕಳಚಿ ರಕ್ತಕ್ಕೆ ಸೇರುತ್ತದೆ. ಈ ಕರಗಿದ ಗ್ರಾಹಕವನ್ನು ಎಲೈಸಾ ವಿಧಾನದಿಂದ ಅಳೆಯುವ ಪರೀಕ್ಷೆ 1985ರಲ್ಲಿ ಬಂದಿತು. ಅದರಲ್ಲಿ ಆ್ಯಂಟಿ-ಟ್ಯಾಕ್ ಜೊತೆಗೆ, ಅದೇ ಸರಪಳಿಯ ಬೇರೊಂದು ತಾಣಕ್ಕೆ ಅಂಟುವ 7ಜಿ7 ಎಂಬ ಪ್ರತಿಕಾಯವಿತ್ತು. ರೋಗನಿರೋಧಕ ಕೋಶಗಳು ಹತೋಟಿ ಮೀರಿ ಉದ್ರೇಕಗೊಳ್ಳುವ, ಡೆಂಗಿ ಜ್ವರದ ತೊಡಕಾಗಿಯೂ ಬರಬಲ್ಲ ಎಚ್‌ಎಲ್‌ಎಚ್ ಎಂಬ ಮಾರಕ ಸ್ಥಿತಿಯ 2004ರ ಮಾನದಂಡಗಳಲ್ಲಿ, ಕರಗಿದ ಗ್ರಾಹಕವು ಮಿಲಿಲೀಟರಿಗೆ 2,400 ಘಟಕ ಅಥವಾ ಅದಕ್ಕಿಂತ ಹೆಚ್ಚಿರುವುದು 8 ಲಕ್ಷಣಗಳಲ್ಲಿ ಒಂದು.

ಮಿತಿಗಳು: ಮೂತ್ರಪಿಂಡ ಕಸಿಯಲ್ಲಿ ಕೊಡುವ ಬ್ಯಾಸಿಲಿಕ್ಸಿಮ್ಯಾಬ್ ಔಷಧವೂ ಸಿಡಿ25ಕ್ಕೆ ಅಂಟುವ ಪ್ರತಿಕಾಯವೇ ಆಗಿದ್ದು, ಆ್ಯಂಟಿ-ಟ್ಯಾಕ್ ಅಂಟುವ ತಾಣವನ್ನು ಆಕ್ರಮಿಸುತ್ತದೆ. ಅಂಥ ರೋಗಿಯ ಕೋಶಗಳಲ್ಲಿ ಗ್ರಾಹಕ ಇದ್ದರೂ ಪರೀಕ್ಷೆಯಲ್ಲಿ ಇಲ್ಲವೆಂದು ಕಾಣಬಹುದಾದ್ದರಿಂದ, ಬಳಸಿದ ಪ್ರತಿಕಾಯ ಯಾವ ತಾಣದ್ದು, ರೋಗಿ ಯಾವ ಔಷಧ ಪಡೆದಿದ್ದಾನೆ ಎಂಬುದನ್ನು ತಿಳಿಯದೆ ವರದಿಯನ್ನು ಅರ್ಥೈಸಲಾಗದು. ಸಿಡಿ25 ಕಂಡುಬಂದ ಮಾತ್ರಕ್ಕೆ ಕ್ಯಾನ್ಸರ್ ಎಂದೂ ಹೇಳಲಾಗದು. ಸಾಮಾನ್ಯ ಸೋಂಕಿನಲ್ಲಿಯೂ ಅದು ಹೆಚ್ಚುತ್ತದೆ.

ಮಾದರಿಯ ಸಾಗಣೆ: ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಂಥ ತಾಲ್ಲೂಕುಗಳಲ್ಲಿ ಈ ಪರೀಕ್ಷೆಗಳ ಪ್ರಯೋಜನ ನಿಂತಿರುವುದು ಮಾದರಿಯ ಸಾಗಣೆಯ ಮೇಲೆ. ಜಗಳೂರಿಗೆ 1965ರಿಂದ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿರುವ ದಾವಣಗೆರೆಯೂ, ಚನ್ನಗಿರಿ, ಹೊನ್ನಾಳಿ ಮತ್ತು ನ್ಯಾಮತಿಗಳಿಗೆ ಶಿವಮೊಗ್ಗವೂ ಸಮೀಪದ ದೊಡ್ಡ ವೈದ್ಯಕೀಯ ಕೇಂದ್ರಗಳು. ರಕ್ತದ ಕ್ಯಾನ್ಸರ್‌ನ ವಿಶೇಷ ಚಿಕಿತ್ಸೆಗೆ ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯಿದ್ದು, ಅದು ದಾವಣಗೆರೆಯಿಂದ ಸುಮಾರು 260 ಕಿಲೋಮೀಟರ್ ದೂರದಲ್ಲಿದೆ. ಫ್ಲೋ ಸೈಟೋಮೆಟ್ರಿಗೆ ಜೀವಂತ ಕೋಶಗಳೇ ಬೇಕಾದ್ದರಿಂದ, ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿದ ನಳಿಕೆಯಲ್ಲಿ ಅದನ್ನು ಸಂಗ್ರಹಿಸಿ, ಘನೀಕರಿಸದೆ, ಸಾಮಾನ್ಯವಾಗಿ 24ರಿಂದ 48 ಗಂಟೆಗಳೊಳಗೆ ಪ್ರಯೋಗಾಲಯ ಮುಟ್ಟಿಸಬೇಕು. ಕರಗಿದ ಗ್ರಾಹಕದ ಪರೀಕ್ಷೆಗೆ ಕೋಶಗಳು ಬೇಕಿಲ್ಲ. ರಕ್ತದಿಂದ ಬೇರ್ಪಡಿಸಿದ ಸೀರಮ್ಮನ್ನು ಘನೀಕರಿಸಿ ಕಳುಹಿಸಬಹುದು. ಆದ್ದರಿಂದ ಯಾವ ಪರೀಕ್ಷೆ ಬೇಕೆಂಬುದನ್ನು ರಕ್ತ ತೆಗೆಯುವ ಮುನ್ನವೇ ನಿರ್ಧರಿಸುವುದು ಅಗತ್ಯ.