ಚಂದ್ರಯಾನ: ಸಂಶಯವಾದ
1969ರ ಜುಲೈ 20ರಂದು ಅಪೊಲೊ 11ರ ಗಗನಯಾನಿಗಳು ಚಂದ್ರನ ಮೇಲೆ ಇಳಿಯಲೇ ಇಲ್ಲ, ಆ ದೃಶ್ಯಗಳನ್ನು ಭೂಮಿಯ ಮೇಲೆಯೇ ಚಿತ್ರೀಕರಿಸಲಾಯಿತು ಎಂಬ ವಾದ. 1976ರಲ್ಲಿ ಅಮೆರಿಕದ ಬಿಲ್ ಕೇಸಿಂಗ್ ಬರೆದ ಪುಸ್ತಕದಿಂದ ಇದು ಹೆಚ್ಚು ಹಬ್ಬಿತು. ಗಾಳಿಯಿಲ್ಲದೆ ಬಾವುಟ ಹಾರಿದ್ದು ಹೇಗೆ, ಆಕಾಶದಲ್ಲಿ ನಕ್ಷತ್ರಗಳೇಕಿಲ್ಲ ಎಂಬವು ಮುಖ್ಯ ಆಕ್ಷೇಪಗಳು. ಪ್ರಶ್ನೆಗಳು ಸಹಜ, ಉತ್ತರಗಳು ಸರಳ: ಬಾವುಟದ ಮೇಲಂಚಿಗೆ ಅಡ್ಡಕಡ್ಡಿ ಇತ್ತು, ಬಿಸಿಲಿನಲ್ಲಿ ಹೊಳೆಯುವ ನೆಲಕ್ಕೆ ಹೊಂದಿಸಿದ ಕ್ಯಾಮೆರಾಕ್ಕೆ ಮಂದ ನಕ್ಷತ್ರಗಳು ದಕ್ಕುವುದಿಲ್ಲ.

ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ಸೀಮೆಯವರಿಗೆ ಈ ಚರ್ಚೆಯ ಒಂದು ಎಳೆ ಹತ್ತಿರದ್ದೇ. ನೆರೆಯ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ, ಉಳ್ಳಾರ್ತಿ ಕಾವಲಿನಲ್ಲಿ, ಇಸ್ರೊ ನೆಲ ಅಗೆದು ಚಂದ್ರನಂಥ ಕುಳಿಗಳನ್ನು ನಿರ್ಮಿಸಿತು. ಲ್ಯಾಂಡರಿನ ಸಂವೇದಕಗಳನ್ನು ವಿಮಾನದಲ್ಲಿಟ್ಟು ಅವುಗಳ ಮೇಲೆ ಹಾರಿಸಿ ಪರೀಕ್ಷಿಸಿತು. ಭೂಮಿಯ ಮೇಲೆ ಚಂದ್ರನ ನೆಲವನ್ನು ಅನುಕರಿಸುವುದು ಮೋಸಕ್ಕಲ್ಲ, ಸುರಕ್ಷಿತವಾಗಿ ಇಳಿಯಲು ನಡೆಸುವ ತಾಲೀಮು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ಲ್ಯಾಂಡರ್ ವಿಕ್ರಮ್ ಚಂದ್ರನ ಮೇಲೆ ಇಳಿಯಿತು.

ಅಪೊಲೊ ಇಳಿದಿದ್ದಕ್ಕೆ ಸ್ವತಂತ್ರ ಸಾಕ್ಷ್ಯವೂ ಭಾರತದ್ದೇ ಇದೆ. ಚಂದ್ರಯಾನ-2ರ ಕಕ್ಷೆನೌಕೆ 2021ರಲ್ಲಿ ಅಪೊಲೊ 11ರ ತಾಣವನ್ನು ಚಿತ್ರಿಸಿತು. ಅಲ್ಲಿ ಉಳಿದ ಲ್ಯಾಂಡರಿನ ಕೆಳಭಾಗ ಚಿತ್ರದಲ್ಲಿ ಕಾಣುತ್ತದೆ. ಅಪೊಲೊ ಯಾನಗಳು ತಂದ ಸುಮಾರು 382 ಕಿಲೊ ಕಲ್ಲುಮಣ್ಣನ್ನು ಹಲವು ದೇಶಗಳ ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ಚಂದ್ರನ ಮೇಲಿಟ್ಟ ಪ್ರತಿಫಲಕಗಳಿಂದ ಲೇಸರ್ ಕಿರಣ ಇಂದಿಗೂ ಮರಳುತ್ತದೆ.