ಟ್ರೌಟ್‌ಬೆಕ್‌ನ ಟೌನೆಂಡ್: ಕಲ್ಲಿನ ಗುಣ, ನೆಲದ ಹಕ್ಕು

ಇಂಗ್ಲೆಂಡಿನ ವಾಯವ್ಯ ಮೂಲೆಯ ಲೇಕ್ ಡಿಸ್ಟ್ರಿಕ್ಟ್ ಎಂಬ ಗುಡ್ಡಗಾಡು ಸೀಮೆಯಲ್ಲಿ, ವಿಂಡರ್‌ಮಿಯರ್ ಸರೋವರಕ್ಕೆ ಸಮೀಪವಿರುವ ಟ್ರೌಟ್‌ಬೆಕ್ ಗ್ರಾಮದ ದಕ್ಷಿಣದ ಅಂಚಿಗೆ ಟೌನೆಂಡ್ ಎಂಬ ಕಲ್ಲಿನ ಒಕ್ಕಲುಮನೆ ಇದೆ. ಸುಮಾರು 1626ರಲ್ಲಿ ರೂಪುಗೊಂಡ ಈ ಮನೆಯಲ್ಲಿ ಬ್ರೌನ್ ಎಂಬ ರೈತ ಕುಟುಂಬ ತಲೆತಲಾಂತರದಿಂದ ಬಾಳಿತು. ಈ ಬ್ರೌನ್‌ಗಳು ಜಮೀನ್ದಾರರಲ್ಲ, ಕೂಲಿಕಾರರೂ ಅಲ್ಲ. ಸಂಪ್ರದಾಯಸಿದ್ಧ ಹಕ್ಕಿನ ಮೇಲೆ ನೆಲವನ್ನು ಉತ್ತು, ಅದನ್ನು ಮಕ್ಕಳಿಗೆ ಬಿಟ್ಟುಹೋಗುತ್ತಿದ್ದ, 'ಸ್ಟೇಟ್ಸ್‌ಮನ್' ಎಂದು ಆ ಸೀಮೆಯಲ್ಲಿ ಹೆಸರಾದ ವರ್ಗಕ್ಕೆ ಸೇರಿದವರು.

ಈ ಹಕ್ಕು ಆ ಕಾಲದಲ್ಲಿ ವ್ಯಾಜ್ಯಕ್ಕೆ ಸಿಲುಕಿತ್ತು. ಸ್ಕಾಟ್ಲೆಂಡಿನ ಗಡಿ ಕಾಯುವ ಸೇವೆಗೆ ಪ್ರತಿಯಾಗಿ ಒಕ್ಕಲುಗಳಿಗೆ ಈ ಹಕ್ಕು ದೊರೆತಿತ್ತೆಂದು ಬಗೆಯಲಾಗಿದ್ದರಿಂದ, 1603ರಲ್ಲಿ ಎರಡೂ ರಾಜ್ಯಗಳು ಒಬ್ಬನೇ ಅರಸನ ಕೈಗೆ ಬಂದ ಮೇಲೆ ಅದಕ್ಕೆ ಆಧಾರವಿಲ್ಲವೆಂಬ ವಾದ ಹುಟ್ಟಿ, 1620ರಲ್ಲಿ ಒಂದನೆಯ ಜೇಮ್ಸ್ ಅದನ್ನು ಅಲ್ಲಗಳೆಯುವ ಘೋಷಣೆ ಹೊರಡಿಸಿದನು. ಆದರೆ ಸ್ಟಾರ್ ಚೇಂಬರ್ ಎಂಬ ನ್ಯಾಯಪೀಠವು 1625ರಲ್ಲಿ ಒಕ್ಕಲುಗಳ ಪರವಾಗಿ ತೀರ್ಪಿತ್ತಿತು. ಮರುವರ್ಷವೇ ಟೌನೆಂಡ್ ಎದ್ದಿತೆಂಬುದನ್ನು ನೇರ ಕಾರಣಕಾರ್ಯವಾಗಿ ಓದುವುದು ಅವಸರವಾದೀತು. ಆದರೂ ಇತಿಹಾಸಕಾರ ಡಬ್ಲ್ಯು. ಜಿ. ಹಾಸ್ಕಿನ್ಸ್ 1953ರಲ್ಲಿ ಇಂಗ್ಲೆಂಡಿನ ಗ್ರಾಮೀಣ ಪುನರ್ನಿರ್ಮಾಣದ ಕಾಲವೆಂದು ಗುರುತಿಸಿದ 1570–1640ರ ಅವಧಿ ಈ ಸೀಮೆಗೆ ಅಷ್ಟಾಗಿ ಹೊಂದದೆ, ಇಲ್ಲಿನ ಬಹುಪಾಲು ಕಲ್ಲಿನ ಮನೆಗಳು 1650ರ ನಂತರದವಾಗಿರುವುದಕ್ಕೆ ನೆಲದ ಭದ್ರತೆ ತಡವಾಗಿ ಒದಗಿದ್ದು ಒಂದು ಕಾರಣವೆಂದು ಒಪ್ಪಬಹುದು.

ಮನೆಯ ರೂಪವನ್ನು ತೀರ್ಮಾನಿಸಿದ್ದು ಮಾತ್ರ ಕಲ್ಲು. ಇಲ್ಲಿ ಸಿಗುವ ಸ್ಲೇಟ್ ಜಾತಿಯ ಗಟ್ಟಿಕಲ್ಲು ಪದರಪದರವಾಗಿ ಸೀಳುತ್ತದೆಯೇ ಹೊರತು ಉಳಿಯ ಕೆತ್ತನೆಗೆ ಬಗ್ಗುವುದಿಲ್ಲ. ಹೀಗಾಗಿ ಗೋಡೆಯನ್ನು ಒರಟುಕಲ್ಲಿನ ಎರಡು ಮೈಗಳಾಗಿ ಕಟ್ಟಿ, ನಡುವೆ ಚೂರುಗಲ್ಲು ತುಂಬಿ, ಎರಡೂ ಮೈಗಳನ್ನು ಹಿಡಿದಿಡಲು ಅಲ್ಲಲ್ಲಿ ಉದ್ದಗಲ್ಲುಗಳನ್ನು ಅಡ್ಡಲಾಗಿ ಕೂರಿಸುವುದು ವಾಡಿಕೆಯಾಯಿತು. ಕೆಲವೆಡೆ ಮಳೆನೀರು ಒಳಕ್ಕೆ ಇಳಿಯದಂತೆ ಪ್ರತಿಯೊಂದು ಕಲ್ಲನ್ನೂ ತುಸು ಹೊರಕ್ಕೆ ಓರೆಯಾಗಿ ಇಡಲಾಗುತ್ತಿತ್ತು. ಟೌನೆಂಡಿನ ಗೋಡೆಗೆ ಸುಣ್ಣವೇ ಹೊದಿಕೆ. ಮಾಡಿನಲ್ಲಿ ದೊಡ್ಡ ಸ್ಲೇಟುಗಳು ಸೂರಿನ ಬಳಿಯಿದ್ದು, ಮೇಲೇರಿದಂತೆ ಚಿಕ್ಕವಾಗುತ್ತವೆ. ಕವಿ ವರ್ಡ್ಸ್‌ವರ್ತ್ ತನ್ನ ಸರೋವರ ಸೀಮೆಯ ಕೈಪಿಡಿಯಲ್ಲಿ ಮೆಚ್ಚಿದ ದುಂಡು ಹೊಗೆಗೂಡುಗಳು ಟೌನೆಂಡಿನಲ್ಲೂ ಎದ್ದು ಕಾಣುತ್ತವೆ. ನೇರ ಮೂಲೆಗೆ ಬೇಕಾದ ಹದಗೊಂಡ ಕಲ್ಲು ಸುಲಭವಾಗಿ ಸಿಗದ ಕಡೆ ದುಂಡಾಗಿ ಕಟ್ಟುವುದೇ ಸಲೀಸು. ಕವಿಗೆ ಚೆಲುವಾಗಿ ಕಂಡದ್ದರಲ್ಲಿ ಗಾರೆಕೆಲಸದವನ ಜಾಣ್ಮೆಯೂ ಇದೆ.

ಒಳಗಿನ ಹಂಚಿಕೆ ಸರಳ: ಒಲೆಯ ಸುತ್ತ ಸಂಸಾರ ಕೂಡುತ್ತಿದ್ದ 'ಫೈರ್‌ಹೌಸ್' ಎಂಬ ನಡುಮನೆ, ಅಡಿಗೆ, ಒಗೆತಗಳ 'ಡೌನ್‌ಹೌಸ್', ಯಜಮಾನ ದಂಪತಿ ಮಲಗುವ 'ಬೋವರ್'. ಎದುರಿನ 1666ರ ಕೊಟ್ಟಿಗೆ ಇಳಿಜಾರನ್ನು ಬಳಸಿಕೊಂಡಿದೆ. ಮೇಲಿನ ಅಂತಸ್ತಿಗೆ ದಿಣ್ಣೆಯ ಕಡೆಯಿಂದಲೇ ಹುಲ್ಲಿನ ಗಾಡಿ ಬರುತ್ತಿತ್ತು, ಕೆಳಗೆ ದನಗಳಿಗೆ ತಾವಿತ್ತು.

ಕಲ್ಲು ಒಲ್ಲದ ಅಲಂಕಾರವನ್ನು ಓಕ್ ಮರ ಒಪ್ಪಿಕೊಂಡಿತು. ಗೋಡೆಗೂಡುಗಳಲ್ಲೂ ಪೀಠೋಪಕರಣಗಳಲ್ಲೂ ಕೆತ್ತನೆ ತುಂಬಿದೆ. ಆದರೆ ಅದೆಲ್ಲವೂ 17ನೆಯ ಶತಮಾನದ್ದಲ್ಲ: ಈ ವಂಶದ ಕೊನೆಯ ಜಾರ್ಜ್ ಬ್ರೌನ್ (1834–1914) ಸ್ವತಃ ಕೆತ್ತನೆಗಾರನಾಗಿದ್ದು, ಹಳೆಯ ಶೈಲಿಯಲ್ಲಿ ಬಹಳಷ್ಟನ್ನು ಸೇರಿಸಿದ್ದಾನೆ. 1948ರಿಂದ ಪಾರಂಪರಿಕ ತಾಣಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ವಶದಲ್ಲಿರುವ ಈ ಮನೆಯ ಕಾಲನಿರ್ಣಯಕ್ಕೆ ಆದ್ದರಿಂದ ಮರದ ಕೆತ್ತನೆಗಿಂತ ಗೋಡೆ, ಮಾಡು ಮತ್ತು ಕುಟುಂಬದ ಕಾಗದಪತ್ರಗಳೇ ಹೆಚ್ಚು ನಂಬಲರ್ಹವಾದ ಆಧಾರ.